ಸ್ವಿಟ್ಜರ್ಲೆಂಡಿನಲ್ಲಿ ನಿಂಗಕ್ಕನ ರೊಟ್ಟಿ

ಎಮ್ಮಿಗನೂರಿನ ನಿಂಗಕ್ಕನಿಗೆ ರೇಷನ್ ಕಾರ್ಡಿಗಿಂತ ಮೊದಲು ಪಾಸ್‌ಪೋರ್ಟ್ ಸಿಕ್ಕಿತು. ಕಾರ್ಡಿಗಾಗಿ ನಾಲ್ಕು ವರ್ಷ ಅಲೆದಿದ್ದಳು. ಪಾಸ್‌ಪೋರ್ಟನ್ನು ಅವಳು ಅಡುಗೆಗಿದ್ದ ಮನೆಯ ಯಜಮಾನ, ಹೊಸಪೇಟೆಯ ಶಂಭುಲಿಂಗ ಒಂದೇ ತಿಂಗಳಲ್ಲಿ ಮಾಡಿಸಿಕೊಟ್ಟ.

ಕೆಂಪು ಮಣ್ಣಿಗೆ ಬೆಲೆ ಬಂದಿದ್ದ ಕಾಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಶಂಭುಲಿಂಗ ಸಂಡೂರಿನ ಅದಿರು ಸಾಗಿಸುವ ಲಾರಿಗಳಿಗೆ ಕೈಹಾಕಿ ಮೂರೇ ವರ್ಷದಲ್ಲಿ ಸಾಹುಕಾರನಾಗಿದ್ದ. ನಮ್ಮ ಬೆಟ್ಟಗಳನ್ನು ಲಾರಿಗೆ ತುಂಬಿ ಕಳಿಸಿದವರಿಗೆಲ್ಲ ಆಗ ಬೇರೆಯವರ ಬೆಟ್ಟ ನೋಡುವ ಚಟ. ಅವನಿಗೂ ಹೆಂಡತಿ ಶಾಂಭವಿಗೂ ನಿಸರ್ಗವೆಂದರೆ ಪ್ರಾಣ. ಆದರೆ ಜೋಳದ ರೊಟ್ಟಿ ಇಲ್ಲದಿದ್ದರೆ ಆ ಪ್ರಾಣ ನಿಲ್ಲುವುದಿಲ್ಲ. ಹಾಗಾಗಿ ಎಲ್ಲಿಗೆ ಹೊರಟರೂ ಜೀಪಿನಲ್ಲಿ ಟೆಂಟು, ಹೆಂಚು, ನಿಂಗಕ್ಕ. ರಾತ್ರಿ ಟೆಂಟು ದಂಪತಿಗೆ, ಜೀಪಿನ ಹಿಂದಿನ ಸೀಟು ಹೆಂಚಿಗೂ ನಿಂಗಕ್ಕನಿಗೂ. ಊಟಿ ಹೇಗಿತ್ತು ಎಂದು ಕೇಳಿದರೆ ಅವಳ ಉತ್ತರ ಒಂದೇ: "ಕಟ್ಟಿಗಿ ಹಸಿ ಇದ್ವು."

ಸ್ವಿಟ್ಜರ್ಲೆಂಡಿಗೆ ಕರೆದಾಗ ಮಾತ್ರ ಷರತ್ತು ಹಾಕಿದಳು. ಗಂಡ ಸತ್ತ ವರ್ಷ ಯಾರೋ ಕೊಟ್ಟ ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟವಿತ್ತು. ವರ್ಷಗಳು ಕಳೆದರೂ ಅದನ್ನವಳು ಗೋಡೆಯಿಂದ ಇಳಿಸಿರಲಿಲ್ಲ.

"ಸಾವ್ಕಾರ್ರ, ಆ ಹಿಮ ಒಂದ್ಸಲ ಮುಟ್ಟಬೇಕ್ರಿ ನಾನು. ಮುಟ್ಟಸ್ತೀರಂದ್ರ ಬರ್ತೀನಿ."

"ಮುಟ್ಟೂದೇನು, ಅದರಾಗ ಹೊಳ್ಳಾಡ್ಬೇ," ಎಂದ ಶಂಭುಲಿಂಗ.

ಅಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ. ಮೊದಲ ದಿನ ಬೆಳಗಿನ ಐದಕ್ಕೇ ಎದ್ದು ರೊಟ್ಟಿ ಬಡಿಯಲು ಕೂತಳು. ಟಪಟಪ ಸದ್ದು ಕೇಳಿದ ಕೆಳಮನೆಯ ಮುದುಕಿ, ಮೇಲೆ ಗಂಡ ಹೆಂಡತಿಯನ್ನು ಬಡಿಯುತ್ತಿದ್ದಾನೆಂದು ಪೊಲೀಸರನ್ನು ಕರೆಸಿದಳು. ಲುಂಗಿಯಲ್ಲಿ ನಡುಗುತ್ತ ನಿಂತ ಶಂಭುಲಿಂಗನನ್ನು, ಹಿಟ್ಟಿನ ಕೈಯ ನಿಂಗಕ್ಕನನ್ನು ನೋಡಿ, ಪೊಲೀಸಪ್ಪ ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದ. ಹೋಗುವಾಗ, ಒಂಬತ್ತಕ್ಕೆ ಮೊದಲು ಸದ್ದು ಕೂಡದು ಎಂದ.

ದಂಪತಿ ಬೆಟ್ಟದ ರೈಲು ಹತ್ತುತ್ತಿದ್ದುದು ಎಂಟಕ್ಕೆ. ರೊಟ್ಟಿ ಶುರುವಾಗುತ್ತಿದ್ದುದು ಒಂಬತ್ತಕ್ಕೆ, ಅವರು ಊಟಕ್ಕೆ ಮರಳುವಷ್ಟರಲ್ಲಿ ಆಗಿರಬೇಕು. ಐದು ದಿನ ಅವರು ಹಿಮದ ಫೋಟೋ ತಂದರು, ನಿಂಗಕ್ಕ ರೊಟ್ಟಿ ಬಡಿದಳು.

"ನಾಳೆ ಗ್ಯಾರಂಟಿ," ಎನ್ನುತ್ತಿದ್ದಳು ಶಾಂಭವಿ. ನಮ್ಮಲ್ಲಿ ಸರಕಾರವೂ ಹಾಗೆಯೇ ಹೇಳುತ್ತದೆ.

ಕೊನೆಯ ದಿನ ನಿಜವಾಗಿಯೂ ಹತ್ತರ ರೈಲಿಗೆ ಮೂರು ಟಿಕೆಟ್ ಮೇಜಿನ ಮೇಲಿದ್ದವು. ಆದರೆ ಒಂಬತ್ತೂವರೆಗೆ ಶಂಭುಲಿಂಗನಿಗೆ ಫೋನು. ಬಳ್ಳಾರಿಯ ಲಾರಿ ಮಾಲೀಕರು ನಾಲ್ವರು ಅದೇ ಊರಿಗೆ ಬಂದಿದ್ದರು, ಬ್ರೆಡ್ಡು ತಿಂದು ಕಂಗೆಟ್ಟಿದ್ದರು.

"ಊಟಕ್ಕ ಬರ್ತಾರ ನಿಂಗಕ್ಕ, ಹಿಟ್ಟು ಕಲಸು. ಹಿಮ ಎಲ್ಲಿ ಓಡಿ ಹೋಗ್ತೈತಿ?"

ನಿಂಗಕ್ಕ ಎಸರು ಕಾಯಿಸಿದಳು. ಹಿಟ್ಟಿಗೆ ಸುರಿದು ನಾದಿದಳು. ಆಮೇಲೆ ಕೈ ತೊಳೆದು, ಶಾಂಭವಿಯ ಕೋಟು ಸೀರೆಯ ಮೇಲೆ ಹಾಕಿಕೊಂಡು, ಒಂದು ಟಿಕೆಟ್ ಎತ್ತಿಕೊಂಡಳು.

"ಎಲ್ಲಿಗೆಬೇ?" ಎಂದಳು ಶಾಂಭವಿ.

"ಹಿಟ್ಟು ಆರಿದ್ರ ರೊಟ್ಟಿ ಸೀಳ್ತಾವು, ಜಲ್ದಿ ಬಡೀರಿ ಅಮ್ಮಾರ. ನೀವೂ ಕಂಪ್ಲ್ಯಾಗ ಹುಟ್ಟಿದವ್ರ ಅಲ್ಲೇನ್ರಿ?"

ಶಾಂಭವಿ ತನ್ನ ಬಣ್ಣ ಹಚ್ಚಿದ ಉಗುರು ನೋಡಿಕೊಂಡಳು. ಶಂಭುಲಿಂಗ ಕೂಗಿದ, "ಹೊಳ್ಳಿ ಊರಿಗೆ ಹೋದ ಮ್ಯಾಗ ನಮ್ಮನಿ ಕಡಿ ಕಾಲಿಡಬ್ಯಾಡ ನೋಡು." ಅಷ್ಟೊತ್ತಿಗೆ ಅವಳು ಮೆಟ್ಟಿಲಿಳಿದಾಗಿತ್ತು. ಸ್ಟೇಷನ್ನು ಮನೆಯ ಎದುರೇ ಇತ್ತು. ಕೆಂಪು ರೈಲು ಹೊರಡುವುದನ್ನು ಐದು ದಿನ ಕಿಟಕಿಯಿಂದ ನೋಡಿದ್ದಳಲ್ಲ.

ಸಾಹುಕಾರ ಮಾತಿಗೆ ತಪ್ಪಲಿಲ್ಲ, ಕೆಲಸ ಬಿಡಿಸಿದ. ನಿಂಗಕ್ಕ ಈಗ ಹಂಪಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅಲ್ಲಿ ಊಟಕ್ಕೆ ಹೋದಾಗ ನಾನು, ಹಿಮ ಹೇಗಿತ್ತಕ್ಕಾ ಎಂದು ಕೇಳಿದೆ.

"ಮೊದ್ಲ ಕೈ ಸುಟ್ಟಂಗಾತು. ಆಮ್ಯಾಗ ನೋಡ್ತೀನಿ, ಕೈಯಾಗ ಏನೂ ಇಲ್ಲ. ಇನ್ನೊಂದು ಹಿಡಿ ತಗೊಂಡೆ."