ಯಾರೂ ಅಧ್ಯಯನ ಮಾಡದ ಸಕ್ಕರೆ ಕಾಯಿಲೆ

ಚೆನ್ನೈನ ಒಂದು ಮೆಡಿಕಲ್ ಕಾಲೇಜಿನ ಪಿಜಿ ಡಾಕ್ಟರುಗಳಿಗೆ ಥೀಸಿಸ್ ಬರೆಯುವ ಇಂಗ್ಲಿಷ್ ಹೇಳಿಕೊಡುವುದು ನನ್ನ ಹೊಟ್ಟೆಪಾಡು. ಅವರ ಸೀನಿಯರ್‌ಗಳ ಹಳೇ ಥೀಸಿಸ್‌ಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿಟ್ಟಿದ್ದೇನೆ. ಇದಕ್ಕೆ ಕಾರ್ಪಸ್ ಅಂತಾರೆ. ಒಂದು ಪದ ಕೊಟ್ಟರೆ ಸಾಕು, ಅದು ಬಂದಿರುವ ಸಾಲುಗಳೆಲ್ಲ ಪರದೆ ಮೇಲೆ ಬಂದು ನಿಲ್ಲುತ್ತವೆ.

ಅವತ್ತು ಕ್ಲಾಸಿನಲ್ಲಿ ‘ಸಕ್ಕರೆ ಕಾಯಿಲೆ’ ಹುಡುಕಿದೆ. ಪ್ರತಿ ಥೀಸಿಸ್‌ನ ಪೀಠಿಕೆಯಲ್ಲೂ ಆ ಪದದ ಬೆನ್ನಿಗೇ ಒಂದೇ ವಾಕ್ಯ: ‘ನಮಗೆ ತಿಳಿದಂತೆ ಚೆನ್ನೈನಲ್ಲಿ ಈ ವಿಷಯವನ್ನು ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ.’ ಅಷ್ಟೂ ಒಂದೇ ವಾರ್ಡಿನ ಥೀಸಿಸ್‌ಗಳು!

“ಒಬ್ಬರಿಗಾದರೂ ಸ್ವಂತ ಬುದ್ಧಿ ಬೇಡವಾ? ಈ ಕಾಪಿ ಶುರು ಮಾಡಿದ ಮಹಾನುಭಾವ ಯಾರು?” ಅಂತ ರೇಗಿದೆ.

ಉಡುಪಿ ಹೋಟೆಲಿನವರ ಮಗಳೊಬ್ಬಳಿದ್ದಳು, ಕನ್ನಡದಲ್ಲಿ ಮಾತಾಡಿಸಿದರೂ ತಮಿಳಲ್ಲೇ ಉತ್ತರ ಕೊಡುವವಳು. ಫೈಲಿನಿಂದ ಒಂದು ಮಾಸಿದ ಜೆರಾಕ್ಸ್ ತೆಗೆದು, “ಸಾರ್, ಇದು ಉಂಗ ನೋಟ್ಸ್ ದಾನೇ?” ಅಂದಳು.

ಹೌದು, ನನ್ನದೇ. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈ ದಾಟುತ್ತಾ ಬಂದಿದೆ. ಮಾದರಿ ಪೀಠಿಕೆ ಅಂತ ನಾನೇ ಬರೆದುಕೊಟ್ಟಿದ್ದ ವಾಕ್ಯ ಅದು.

ಈ ಪ್ರಸಂಗದ ಬಗ್ಗೆ ಆಮೇಲೆ ನಾನೊಂದು ಪೇಪರ್ ಬರೆದೆ. ಮೊದಲ ಸಾಲಿಗೆ ತಿಣುಕಬೇಕಾಗಲಿಲ್ಲ. ನಮಗೆ ತಿಳಿದಂತೆ ಚೆನ್ನೈನಲ್ಲಿ ಈ ವಿಷಯವನ್ನು ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ.