ಅರಬನ ಶುಕ್ರವಾರ ರಾತ್ರಿ

ನನ್ನ ಅಕ್ಷರ ಸೊಟ್ಟ. ಶಾಲೆ ಬಿಟ್ಟು ಎರಡು ವರ್ಷವಾಯಿತು. ಒತ್ತಕ್ಷರ ತಪ್ಪಿದ್ದರೆ, ಮಾತು ಎಡವಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ನಮ್ಮ ಸೋದರಮಾವ ಗೂಳಪ್ಪನ ವಿಷಯವನ್ನು ನನಗೆ ತಿಳಿದಷ್ಟು ಬರೆದಿದ್ದೇನೆ.

ಗೂಳಪ್ಪ ಜಮಖಂಡಿ ಸಂಸ್ಥಾನದ ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಪ್ರತಿ ಚಳಿಗಾಲ ಮುಂಬೈಯಿಂದ ಹಮೂದ್ ಸೇಠ ಎಂಬ ಅರಬ ವ್ಯಾಪಾರಿ ಕುದುರೆ ಮಾರಲು ಬರುತ್ತಿದ್ದ. ಗೊರಸು ಎತ್ತಿ ಹಿಡಿದುಕೊಂಡೇ ಗೂಳಪ್ಪ ಅವನ ಮಾತು ಕಲಿತ. ಬುಕ್ರಾ ಅಂದರೆ ನಾಳೆ, ಬಾದ್ ಬುಕ್ರಾ ಅಂದರೆ ನಾಡಿದ್ದು, ಲಾ ತತ್‌ಅಖ್ಖರ್ ಅಂದರೆ ತಡಮಾಡಬೇಡ. ಎಲ್ಲವೂ ಬರುವ ಹೋಗುವ ಮಾತುಗಳೇ. ಆದರೂ ಲಾಯದವರು ಅವನನ್ನು ‘ಅರಬ ಗೂಳ್ಯಾ’ ಎಂದು ಕರೆಯತೊಡಗಿದರು. ಅವನಿಗೂ ಅದು ಹಿತವಾಗಿತ್ತು.

ಸಂಸ್ಥಾನ ಮುಂಬೈ ರಾಜ್ಯಕ್ಕೆ ಸೇರಿತು, ಲಾಯ ಬರಿದಾಯಿತು. ಗೂಳಪ್ಪ ಬನಹಟ್ಟಿಗೆ ಬಂದು ನೂಲಿನ ಗಂಟು ಹೊತ್ತ. ಒಂದು ದಿನ ಗಂಟಿನ ಸಮೇತ ಬಿದ್ದ. ಬೆನ್ನು ನೆಟ್ಟಗಾಗಲಿಲ್ಲ, ಮಾಲಕ ಇನ್ನು ಬರಬೇಡ ಎಂದ. ಆಗಲೇ, ಮುಧೋಳ ಸಂಸ್ಥಾನದ ಲಾಯದಲ್ಲಿ ಉಳಿದಿದ್ದ ಕುದುರೆಗಳನ್ನು ಕೊಳ್ಳಲು ಸೇಠ ಬಂದಿದ್ದಾನೆಂಬ ಸುದ್ದಿ ಸಿಕ್ಕಿತು. ಗೂಳಪ್ಪ ಕುಂಟುತ್ತಾ ನಡೆದೇ ಹೋದ.

ಸೇಠ ಗುರುತು ಹಿಡಿದ. ಮುಂಬೈಯ ತನ್ನ ಲಾಯದಲ್ಲಿ ಕೆಲಸವಿದೆ, ಇರಲು ಖೋಲಿಯೂ ಇದೆ, ಕುದುರೆಗಳ ಜೊತೆ ರೈಲಿನಲ್ಲಿ ಬಾ ಎಂದ. “ಲೈಲತುಲ್ ಜುಮಾ, ಕುಡಚಿ ಸ್ಟೇಷನ್,” ಎಂದು ಹೇಳಿ, ಅದನ್ನೇ ಹಿಂದೂಸ್ತಾನಿಯಲ್ಲಿ ಬಿಡಿಸಿ ಹೇಳಲು ಬಾಯಿ ತೆರೆದ. ಗೂಳಪ್ಪ ಕೈ ಅಡ್ಡ ಮಾಡಿ, “ಐವಾ, ಐವಾ. ಇನ್‌ಶಾ ಅಲ್ಲಾ,” ಎಂದುಬಿಟ್ಟ. ಹೌದು ಹೌದು, ದೇವರು ಮನಸ್ಸು ಮಾಡಿದರೆ ಎಂದು ಅದರರ್ಥ.

“ಲೈಲಾ ಅಂದ್ರ ರಾತ್ರಿ, ಜುಮಾ ಅಂದ್ರ ಶುಕ್ರವಾರ,” ಎಂದು ಮನೆಗೆ ಬಂದು ಹೆಂಡತಿ ಯಂಕವ್ವನಿಗೆ ಹೇಳಿದ. “ಶುಕ್ರವಾರ ರಾತ್ರಿ ಗಾಡಿ.”

“ಖಾತ್ರಿ ಏನು?”

“ನಿನಗ ಬರತೈತೇನು ಅರಬ್ಬಿ?”

“ನನಗ ಕನ್ನಡನ ಸಾಕಾಗೇತಿ. ಇನ್ನೊಮ್ಮಿ ಕೇಳಿದ್ರ ಮೀಸಿ ಉದರ್ತಿದ್ದುವೇನು?”

ಬಾಡಿಗೆಯ ಖೋಲಿ ಬಿಟ್ಟುಕೊಟ್ಟು, ಪಾತ್ರೆ ಗಂಟು ಕಟ್ಟಿಕೊಂಡು ಯಂಕವ್ವ ಅತ್ತೆ ರಬಕವಿಯ ನಮ್ಮ ಮನೆಗೆ ಬಂದಳು. ಮುಂಬೈಯಿಂದ ಕರೆ ಬರುವವರೆಗೆ ಎಂದು.

ಶುಕ್ರವಾರ ಮಧ್ಯಾಹ್ನವೇ ಗೂಳಪ್ಪ ಹೊಸ ರುಮಾಲು ಸುತ್ತಿ ಕುಡಚಿಯಲ್ಲಿ ಇಳಿದ. ಸ್ಟೇಷನ್ನಿನ ಬದಿಯ ಹಳಿಯ ಹತ್ತಿರ ಹುಲ್ಲು ಚೆಲ್ಲಿತ್ತು. ಕುದುರೆಯ ಲದ್ದಿ ಬಿದ್ದಿತ್ತು. ಕಾಲಿನಿಂದ ಒತ್ತಿ ನೋಡಿದ. ಮೇಲೆ ಒಣಗಿತ್ತು. ಇಂದಿನದಲ್ಲ.

ಟಾಂಗಾ ಹೊಡೆಯುವ ದಸ್ತಗೀರಸಾಬ ಅಲ್ಲೇ ಇದ್ದ. “ಗೂಳಪ್ಪ ಅಂದ್ರ ನೀನಽ ಏನು? ನಿನ್ನೆ ರಾತ್ರಿನ ಕುದರಿ ಹೋದೂವಲ್ಲೋ. ಗಾಡಿ ಬಿಡೂತನಾ ಸೇಠ ನಿನ್ನ ಹಾದಿ ನೋಡಿದ.”

“ಜುಮಾದ ರಾತ್ರಿ ಅಂದಿದ್ದ.”

“ಹೌದಪಾ. ಗುರುವಾರಕ್ಕ ನಾವು ಏನಂತೀವಿ? ಜುಮ್ಮೇರಾತ. ಹೊತ್ತು ಮುಣಗಿತಂದ್ರ ನಮಗ ಮರುದಿನ ಚಾಲೂ. ಜುಮಾದ ರಾತ್ರಿ ಮೊದಲ ಬರತೈತಿ, ಹಗಲು ಆಮ್ಯಾಲ.”

ಜುಮ್ಮೇರಾತ. ಲಾಳ ಹೊಡೆಯುವ ಸಾಬರಿಗೆ ಗೂಳಪ್ಪ ತಾನೇ ಎಷ್ಟು ಸಲ ಹೇಳಿದ್ದ, ಜುಮ್ಮೇರಾತಕ್ಕೆ ಬಾ ಎಂದು. ಜುಮ್ಮೆಯ ರಾತ್ ಎಂದು ಆ ಮಾತನ್ನು ಒಮ್ಮೆಯೂ ಒಡೆದು ನೋಡಿರಲಿಲ್ಲ.

“ಮುಂಬೈದಾಗ ಅವನ ಲಾಯ ಎಲ್ಲೈತಿ?” ಎಂದು ದಸ್ತಗೀರಸಾಬ ಕೇಳಿದ.

“ಗೊತ್ತಿಲ್ಲ. ಅವನ ಜೋಡಿನ ಹೋಗಾಂವ ಇದ್ದೆ.”

“ಮನಿಗಿ ನಡಿ ಮತ್ತ.”

“ಯಾವ ಮನಿಗಿ?” ಎಂದ ಗೂಳಪ್ಪ. “ಬರೂ ಜುಮ್ಮೇರಾತಕ್ಕ ಬರ್ತಾನ ಅವ,” ಎಂದ.

“ಕುದರೀನ ಉಳಿದಿಲ್ಲ. ಎದಕ್ಕ ಬರ್ತಾನೋ?”

ಗೂಳಪ್ಪ ಹುಲ್ಲು ಚೆಲ್ಲಿದ ಜಾಗದಲ್ಲಿ ರುಮಾಲು ಬಿಚ್ಚಿ ಹಾಸಿ ಕೂತುಬಿಟ್ಟ. ಟಾಂಗಾದವನು ಕೊಟ್ಟ ರೊಟ್ಟಿ ಮುಟ್ಟಲಿಲ್ಲ. ಯಾರು ಎಬ್ಬಿಸಿದರೂ ಏಳುತ್ತಿಲ್ಲವೆಂದು ಇಂದು ಬಸ್ಸಿನವರ ಕೈಯಲ್ಲಿ ದಸ್ತಗೀರಸಾಬ ಹೇಳಿ ಕಳಿಸಿದ್ದಾನೆ. ಅಪ್ಪ ಮಗ್ಗ ಬಿಟ್ಟು ಏಳುವಂತಿಲ್ಲ. ನಾಳೆ ಮುಂಜಾನೆಯ ಬಸ್ಸಿಗೆ ನಾನು ಅತ್ತೆಯ ಜೊತೆ ಕುಡಚಿಗೆ ಹೋಗಿ ಮಾಮಾನನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತೇನೆ.