ಹೊಸದುರ್ಗದ ಸಂತೆಯಲ್ಲಿ ಅತ್ತೆ ತುರುಬು ಬಿಚ್ಚಿದ್ದು

ನನ್ನ ಗಂಡ ಹಿರಿಯೂರಿನ ಎಣ್ಣೆ ಗಿರಣಿಯ ಕೆಲಸ ಬಿಟ್ಟು, ತಲೆಗೆ ಹಚ್ಚುವ ಎಣ್ಣೆಯನ್ನು ಸ್ವಂತಕ್ಕೆ ಮಾಡಿ ಮಾರುತ್ತೇನೆಂದು ಹೊರಟದ್ದು ಎಪ್ಪತ್ತರ ದಶಕದ ನಡುವೆ. ಆಗಿನ್ನೂ ನಾನು ಹೊಸ ಸೊಸೆ. ಎಣ್ಣೆ ಕಾಸುತ್ತಿದ್ದವರು ಅತ್ತೆ. ಕೊಬ್ಬರಿ ಎಣ್ಣೆಗೆ ದಾಸವಾಳದ ಎಲೆ, ಗರಗದ ಸೊಪ್ಪು, ಮೆಂತ್ಯ ಹಾಕಿ ಹಿತ್ತಲ ಒಲೆಯಲ್ಲಿ ಸಣ್ಣ ಉರಿಗೆ ಇಡುತ್ತಿದ್ದರು.

ಎಣ್ಣೆ ಚೆನ್ನಾಗಿತ್ತು. ಕೊಳ್ಳುವವರೇ ಇರಲಿಲ್ಲ. ಚಿತ್ರದುರ್ಗದ ಅಂಗಡಿಯವರೊಬ್ಬರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೆಸ್ರೇ ಕೇಳದ ಎಣ್ಣೆ ಯಾರ್ ತಗಂತಾರಪ್ಪ? ಮೊದ್ಲು ಜನದ ಬಾಯಿಗೆ ಬರ್ಲಿ, ಆಮೇಲೆ ತಗಂಡ್ ಬಾ" ಎಂದು ವಾಪಸು ಕೊಟ್ಟರು.

ಜನದ ಬಾಯಿಗೆ ಬರಿಸುವ ಕೆಲಸವನ್ನೂ ನಾವೇ ಮಾಡಬೇಕಾಯಿತು. ಗಂಡ ಆದಿವಾಲದ ದಾರಿಯ ಗೋಡೆಗಳಿಗೆ ಸುಣ್ಣ ಬಳಿದು ಕೆಮ್ಮಣ್ಣಿನಲ್ಲಿ ಎಣ್ಣೆಯ ಹೆಸರು ಬರೆದರು. ನಾನು ಸೀಸೆಗಳಿಗೆ ಚೀಟಿ ಅಂಟಿಸಿದೆ. ಕೊನೆಗೆ ಹೊಸದುರ್ಗದ ಸಂತೆಗೆಂದು ಬಾಡಿಗೆಗೆ ಮೈಕು ಗೊತ್ತು ಮಾಡಿದರು. ಬಸ್ಸಿನಲ್ಲಿ ಸೀಸೆಗಳು ಒಡೆಯದಂತೆ ಹಿಡಿದುಕೊಳ್ಳಲು ನಾನೂ ಅತ್ತೆಯೂ ಜೊತೆಗೆ ಹೋದೆವು.

ಅತ್ತೆಯ ಸೆರಗು ಪರಗಂಡಸರೆದುರು ತಲೆಯಿಂದ ಜಾರಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮನೆಗೆ ಯಾರು ಬಂದರೂ ಬಾಗಿಲ ಹಿಂದಿನಿಂದಲೇ ಅವರ ಮಾತು.

ಸಂತೆಯಲ್ಲಿ ಗಂಡ ಮೈಕು ಹಿಡಿದು, "ಬರ್ರಿ, ಬರ್ರಿ! ಬೋಳುತಲೆ ಮೇಲೂ ಕೂದ್ಲು ಬರಸೋ ಎಣ್ಣೆ!" ಎಂದು ಕೂಗಿದರು. ಅವರ ಹಣೆ ಆಗಲೇ ನೆತ್ತಿಯ ಕಡೆಗೆ ಹೊರಟಿತ್ತು.

"ಮೊದ್ಲು ನಿನ್ ತಲೆಗೆ ಹಚ್ಕಳಪ್ಪ!" ಎಂದ ಒಬ್ಬ. ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಗಂಡನ ಮಾತು ಅಲ್ಲಿಗೇ ನಿಂತಿತು.

ಅತ್ತೆ ಎದ್ದು ಬಂದರು. "ಲೇ, ಕೊಡಿಲ್ಲಿ ಅದನ್ನ" ಎಂದು ಮೈಕು ಕಿತ್ತುಕೊಂಡು ನನ್ನ ಕೈಗೆ ಕೊಟ್ಟರು. ಸೆರಗು ಸರಿಸಿದರು. ತುರುಬಿಗೆ ಕೈ ಹಾಕಿ ಬಿಚ್ಚಿಯೇಬಿಟ್ಟರು. ಬಿಳಿ ಎಳೆಗಳು ಬೆರೆತ ದಟ್ಟ ಕೂದಲು ಮೊಣಕಾಲಿನವರೆಗೆ ಇಳಿಯಿತು.

ಹೆಂಗಸರು ಹೊರಗೆ ತಲೆ ಬಿಚ್ಚಿಕೊಂಡು ನಿಂತದ್ದನ್ನು ನಾನು ಕಂಡಿದ್ದು ಸಾವಿನ ಮನೆಯ ಮುಂದೆ, ಇಲ್ಲವೇ ಮೈಮೇಲೆ ದೇವರು ಬಂದಾಗ. ಗಂಡನ ಮುಖ ಬಿಳಿಚಿತ್ತು. ನಗುತ್ತಿದ್ದವರ ಬಾಯಿ ಕಟ್ಟಿತು.

ಮುಂದೆ ನಿಂತಿದ್ದ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು: "ಈ ಎಣ್ಣೆ ಹಚ್ಚಿದ್ರೆ ನಂಗೂ ಹಿಂಗೇ ಬೆಳೀತೈತೇನವ್ವಾ?"

"ಇಲ್ಲ ಕಣವ್ವಾ. ಇದು ನನ್ನ ತಾಯಿ ಕಡೇಲಿಂದ ಬಂದಿದ್ದು. ಎಣ್ಣೆ ಹಚ್ಚಿದ್ರೆ ಸಿಕ್ಕಾಗಲ್ಲ, ತಲೆ ತಣ್ಣಗಿರ್ತೈತೆ. ಬೋಳುತಲೆಗೆ ಏನೂ ಬರಲ್ಲ, ನನ್ ಮಗ ಸುಳ್ ಹೇಳ್ದ."

ಮೈಕು ನನ್ನ ಕೈಯಲ್ಲೇ ಇತ್ತು. ಅಷ್ಟೂ ಮಾತು ಸಂತೆಗೆಲ್ಲ ಕೇಳಿಸಿತು. ವ್ಯಾಪಾರ ಮುಗಿಯಿತೆಂದುಕೊಂಡೆ. ಆ ಹೆಂಗಸು ಒಂದು ಸೀಸೆ ಕೊಂಡಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಸಂಜೆಗೆ ನಾವು ಖಾಲಿ ಬುಟ್ಟಿ ಹಿಡಿದು ಬಸ್ಸು ಹತ್ತಿದೆವು.

ನಮಗಿಂತ ಮೊದಲು ಸುದ್ದಿ ಹಿರಿಯೂರು ಮುಟ್ಟಿತ್ತು. ಮಾವ ಜಗಲಿಯ ಮೇಲೆ ಕೂತಿದ್ದರು. "ಸಂತೇಲಿ ತುರುಬು ಬಿಚ್ಚಿದ್ಯಂತೆ?"

"ಹೂಂ, ಬಿಚ್ಚಿದೆ. ಎಣ್ಣೆ ಹೋಯ್ತು" ಎಂದು ಅತ್ತೆ ಕಾಲು ತೊಳೆಯಲು ಹಿತ್ತಲಿಗೆ ನಡೆದರು.

ಮಾವ ಕೊನೆಯವರೆಗೂ ಒಪ್ಪಲಿಲ್ಲ. ಸಂತೆಯ ದಿನ ನಾವು ಏಳುವ ಮೊದಲೇ ತೋಟಕ್ಕೆ ಹೋಗಿಬಿಡುತ್ತಿದ್ದರು.

ಮುಂದೆ ಹೊಳಲ್ಕೆರೆಯ ಸಂತೆಗೆ ಹೋದೆವು. ಅಲ್ಲಿಗೂ ಸುದ್ದಿ ತಲುಪಿ ಹೆಂಗಸರು ಕಾದು ನಿಂತಿದ್ದರು. ಅತ್ತೆ ತುರುಬು ಬಿಚ್ಚಿ, ನನ್ನ ಕಡೆ ತಿರುಗಿ, "ನೀನೂ ಬಿಚ್ಚು" ಎಂದರು.

"ನಂದು ಇಲಿಬಾಲ, ಅತ್ತೆ!"

"ಅದನ್ನೂ ನೋಡ್ಲಿ. ನೀನೂ ಇದೇ ಎಣ್ಣೆ ತಾನೆ ಹಚ್ಚದು?"

ಬಿಚ್ಚಿದೆ. ಯಾರೋ ಕಿಸಕ್ಕೆಂದರು. ನೆಲ ನೋಡುತ್ತಾ ನಿಂತೆ. ಆಗ ನನ್ನದೇ ವಯಸ್ಸಿನ ಒಬ್ಬಳು ಹತ್ತಿರ ಬಂದು, ಕೇಳದೆಯೇ ನನ್ನ ಕೂದಲ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಮೆತ್ತಗೈತೆ. ನಂಗೊಂದು ಕೊಡ್ರಿ" ಎಂದಳು.